ನಗರದ ವಸತಿ ಸಮಸ್ಯೆಯೂ ಸಹಕಾರದ ಮಾರ್ಗವೂ

‘ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಗಾದೆಯಲ್ಲಿ ಮನೆ ಕಟ್ಟುವ ಕಷ್ಟ ಉಂಟೇ ಹೊರತು, ಮನೆ ಕಟ್ಟುವುದಕ್ಕೆ ಜಾಗ ಹುಡುಕುವ ಕಷ್ಟದ ಸುದ್ದಿಯೇ ಇಲ್ಲ. ಕಲ್ಲು, ಮರ, ಹಂಚು, ಆಳುಗಳ ಚಿಂತೆಯೇ ಆಗಿನ ದೊಡ್ಡ ಚಿಂತೆಯಾಗಿತ್ತೆಂದು ತೋರುತ್ತದೆ. ಈಗ ಬೆಂಗಳೂರಿನಲ್ಲಿ ಮನೆ ಮಾಡಹೊರಟವನಿಗೆ ಈ ಗಾದೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಸಿಮೆಂಟಿನ ಚೀಲಕ್ಕೆ ಶಿರಸಿಯಲ್ಲಿ ಒಂದು ಬೆಲೆ, ಬೆಂಗಳೂರಿನಲ್ಲಿ ಅದರ ಹತ್ತು ಪಾಲು ಬೆಲೆ ಎಂಬುದೇನೂ ಇಲ್ಲ. ಕಬ್ಬಿಣದ ಮಾತೂ ಅಷ್ಟೇ. ಅಜಗಜಾಂತರವಿರುವುದು ಆ ಸಿಮೆಂಟು, ಆ ಕಬ್ಬಿಣ ನಿಲ್ಲಬೇಕಾದ ನೆಲದ ಬೆಲೆಯಲ್ಲಿ.

ದೂರದ ಬೆಂಗಳೂರಿನ ಬಾಡಿಗೆಯ ಗೋಳು ನಮ್ಮ ಕಾಲೇಜಿನ ಪತ್ರಿಕೆಗೆ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮ ತರಗತಿಯಲ್ಲಿ ಕುಳಿತಿರುವವರ ಪೈಕಿ ಬರುವ ಜೂನ್ ತಿಂಗಳಲ್ಲಿ ಎಷ್ಟು ಮಂದಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿಯೇ ಉಳಿಯುತ್ತಾರೆ ಎಂಬುದನ್ನು ಒಮ್ಮೆ ಎಣಿಸಿ ನೋಡಿದರೆ ಉತ್ತರ ಸಿಗುತ್ತದೆ. ರಾತ್ರಿಯ ಬಸ್ಸು ಹತ್ತುವವರೇ ಹೆಚ್ಚು. 2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರಿಗೆ 140 ಜನ; ಬೆಂಗಳೂರು ನಗರ ಜಿಲ್ಲೆಯಲ್ಲಿ 4,381 ಜನ. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಜಗಲಿ, ನಡುಮನೆ, ಮೆತ್ತು ಎಲ್ಲ ಇರುವ ದೊಡ್ಡ ಮನೆಗಳಲ್ಲಿ ಇಬ್ಬರು ವೃದ್ಧರು ದೀಪ ಹಚ್ಚಿಕೊಂಡು ಕುಳಿತಿರುತ್ತಾರೆ. ಅವರ ಮಗ ಬೆಂಗಳೂರಿನಲ್ಲಿ ಒಂದು ಕೋಣೆಯನ್ನು ಇನ್ನಿಬ್ಬರೊಡನೆ ಹಂಚಿಕೊಂಡಿರುತ್ತಾನೆ. ‘ಹಳ್ಳಿಗೆ ಹಿಂತಿರುಗಿ’ ಎಂದು ಭಾಷಣ ಮಾಡುವುದು ಸುಲಭ. ಆದರೆ ಉದ್ಯೋಗ ಅಲ್ಲಿ, ಮನೆ ಇಲ್ಲಿ ಇರುವವರೆಗೆ ಆ ಭಾಷಣದಿಂದ ಒಂದು ಕೋಣೆಯೂ ಖಾಲಿಯಾಗದು.

ಮೊದಲು, ನಿಜವಾಗಿ ಮನೆಗಳ ಅಭಾವ ಇದೆಯೇ ಎಂಬುದನ್ನು ನೋಡೋಣ. 2012ರಲ್ಲಿ ಅರ್ಥಶಾಸ್ತ್ರಜ್ಞ ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರಕಾರ ನೇಮಿಸಿದ ತಜ್ಞರ ತಂಡವು ಭಾರತದ ಪಟ್ಟಣಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆಯೆಂದು ಲೆಕ್ಕ ಹಾಕಿತು. ಈ ಸಂಖ್ಯೆಯನ್ನು ಕೇಳಿದೊಡನೆ ಅಷ್ಟು ಕುಟುಂಬಗಳು ಬೀದಿಯಲ್ಲಿ ಮಲಗಿವೆ ಎಂದು ತಿಳಿಯುವುದು ತಪ್ಪು. ಅದರಲ್ಲಿ ಸೂರೇ ಇಲ್ಲದವರು ಐದು ಲಕ್ಷ ಚಿಲ್ಲರೆ ಕುಟುಂಬಗಳು. ಸುಮಾರು 1 ಕೋಟಿ 50 ಲಕ್ಷ, ಅಂದರೆ ಐದರಲ್ಲಿ ನಾಲ್ಕು ಪಾಲು, ಇಕ್ಕಟ್ಟಿನ ಲೆಕ್ಕ. ಮದುವೆಯಾದ ದಂಪತಿಗಳಿಗೆ ಒಂದು ಪ್ರತ್ಯೇಕ ಕೋಣೆ ಕೂಡ ಇಲ್ಲದಂಥ ಮನೆಗಳವು. ಕೊರತೆಯ ನೂರರಲ್ಲಿ ತೊಂಬತ್ತೈದು ಪಾಲು ಬಡವರದು ಮತ್ತು ಕಡಿಮೆ ವರಮಾನದವರದು. ಇದೇ ಸಮಯದಲ್ಲಿ, 2011ರ ಜನಗಣತಿಯವರು ಬಾಗಿಲು ತಟ್ಟಿ ನೋಡಿದಾಗ, ಭಾರತದ ಪಟ್ಟಣಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಬೀಗ ಹಾಕಿಕೊಂಡು ಖಾಲಿ ಇದ್ದವು!

ಒಂದು ಕಡೆ ಜನ ಒಬ್ಬರ ಮೇಲೊಬ್ಬರು ಮಲಗುವಂಥ ಇಕ್ಕಟ್ಟು, ಇನ್ನೊಂದು ಕಡೆ ಖಾಲಿ ಮನೆ. ಅಕ್ಕಿಯ ವಿಷಯದಲ್ಲಿ ಹೀಗಾದರೆ ಕಾಳಸಂತೆ ಎಂದು ಕೂಗುತ್ತೇವೆ. ಮನೆಯ ವಿಷಯದಲ್ಲಿ ಅದಕ್ಕೆ ‘ಇನ್ವೆಸ್ಟ್‌ಮೆಂಟ್’ ಎಂಬ ಗೌರವದ ಹೆಸರಿದೆ.

ಇದರ ಮೂಲ ಕಾರಣವನ್ನು ತಿಳಿಯುವುದಕ್ಕೆ ಅರ್ಥಶಾಸ್ತ್ರದ ಮೊದಲ ಪಾಠಗಳೇ ಸಾಕು. ಅಡಿಕೆಗೆ ಬೆಲೆ ಏರಿದರೆ ಐದಾರು ವರ್ಷಗಳಲ್ಲಿ ಹೊಸ ತೋಟಗಳು ಎದ್ದು ಬೆಲೆ ಇಳಿಯಬಹುದು. ನೆಲಕ್ಕೆ ಬೆಲೆ ಏರಿದರೆ ಹೊಸ ನೆಲ ಹುಟ್ಟುವುದಿಲ್ಲ. ಜಯನಗರದಲ್ಲಿ ಇನ್ನೊಂದು ಎಕರೆಯನ್ನು ಯಾವ ಕಾರಖಾನೆಯೂ ತಯಾರಿಸಲಾರದು. ಜನ ಬಂದಷ್ಟೂ, ರಸ್ತೆ, ಶಾಲೆ, ಆಸ್ಪತ್ರೆ, ರೈಲು ಬಂದಷ್ಟೂ ನೆಲದ ಬೆಲೆ ಏರುತ್ತದೆ. ಏರಿದ್ದೆಲ್ಲವೂ ನೆಲದ ಒಡೆಯನ ಪಾಲಿಗೆ. ಅವನು ಒಂದು ಗುದ್ದಲಿ ಮಣ್ಣನ್ನೂ ಎತ್ತಬೇಕಾಗಿಲ್ಲ. ಅಮೆರಿಕದ ಹೆನ್ರಿ ಜಾರ್ಜ್ ಎಂಬವನು 1879ರಲ್ಲಿಯೇ ಒಂದು ದೊಡ್ಡ ಗ್ರಂಥ ಬರೆದು, ಊರೆಲ್ಲ ಸೇರಿ ಹುಟ್ಟಿಸಿದ ಈ ಬೆಲೆಯನ್ನು ತೆರಿಗೆಯ ಮೂಲಕ ಊರಿಗೇ ಹಿಂದಕ್ಕೆ ಪಡೆಯಬೇಕೆಂದು ವಾದಿಸಿದನು. ಬೆಂಗಳೂರಿನಲ್ಲಿ 2011ರಲ್ಲಿ ಮೆಟ್ರೋ ರೈಲು ಓಡತೊಡಗಿತು. ಅದರ ಸಾಲವನ್ನು ತೀರಿಸುವವರು ನಾವೆಲ್ಲರೂ. ನಿಲ್ದಾಣದ ಬಳಿಯ ಸೈಟಿನ ಬೆಲೆ ಏರಿದರೆ ಅದರ ಲಾಭ ಸೈಟಿನ ಒಡೆಯನೊಬ್ಬನದು. ಅವನು ಕಟ್ಟದೆ, ಮಾರದೆ, ಹುಲ್ಲು ಬೆಳೆಯಲು ಬಿಟ್ಟು ಸುಮ್ಮನೆ ಕುಳಿತರೂ ಲಾಭವೇ. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಹೋಗಿ ನೋಡಿ, ಎರಡು ಮನೆಗಳ ನಡುವೆ ಪಾರ್ಥೇನಿಯಮ್ ಬೆಳೆದ ಸೈಟೊಂದು ಕಾಣದಿದ್ದರೆ ಕೇಳಿ.

ಬೆಂಗಳೂರಿಗೆ ಈ ‘ಸೈಟು’ ಎಂಬ ಮಾತು ಅಂಟಿಕೊಂಡದ್ದಕ್ಕೆ ಒಂದು ಇತಿಹಾಸವುಂಟು. 1898ರಲ್ಲಿ ಅಲ್ಲಿ ಪ್ಲೇಗು ಹಬ್ಬಿತು. ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕುಳ್ಳ ಅಗಲವಾದ ರಸ್ತೆಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಮಹತ್ವ ಬಂದಿತು. ಸರಕಾರ ಭೂಮಿಯನ್ನು ಅಳೆದು ಚೌಕ ಚೌಕವಾಗಿ ಹಂಚುವುದು, ಜನ ತಮ್ಮ ತಮ್ಮ ಮನೆ ಕಟ್ಟಿಕೊಳ್ಳುವುದು, ಇದು ಅಂದಿನ ಪದ್ಧತಿ. ಆಗಿನ ಮಟ್ಟಿಗೆ ಅದು ಒಳ್ಳೆಯ ಪದ್ಧತಿಯೇ ಆಗಿತ್ತು. 1945ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಸ್ಥಾಪನೆಯಾಗಿ ಇದೇ ಕೆಲಸವನ್ನು ಮುಂದುವರಿಸಿತು. 1976ರಲ್ಲಿ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು. ಬೋರ್ಡು ಹೋಗಿ ಪ್ರಾಧಿಕಾರ ಬಂದರೂ ಸೈಟು ಹಂಚುವ ಚಾಳಿ ಹೋಗಲಿಲ್ಲ. ಮಾರುಕಟ್ಟೆಯ ದರಕ್ಕಿಂತ ಕಡಿಮೆ ದರದಲ್ಲಿ ಸೈಟು ಸಿಕ್ಕಿದವನು ಒಂದೇ ದಿನದಲ್ಲಿ ಧನಿಕ, ಸಿಗದವನು ಮತ್ತೆ ಅರ್ಜಿದಾರ. ಲಾಟರಿಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಅರ್ಕಾವತಿ ಬಡಾವಣೆಗೆ 2003ರಲ್ಲಿ ಮೊದಲ ಅಧಿಸೂಚನೆ ಹೊರಟಿತು. ಅದರ ವ್ಯಾಜ್ಯ ಸುಪ್ರೀಂ ಕೋರ್ಟಿನ ತೀರ್ಪು ಕಂಡದ್ದು 2010ರಲ್ಲಿ. ಅಷ್ಟರೊಳಗೆ ಅರ್ಜಿ ಹಾಕಿದವರ ಮಕ್ಕಳು ಹೈಸ್ಕೂಲು ಮುಗಿಸಿರಬೇಕು.

ಸೈಟಿನ ಲೆಕ್ಕವನ್ನು ಸ್ವಲ್ಪ ಮಾಡಿ ನೋಡೋಣ. ನಮ್ಮ ಕಡೆಯ ಗುಂಟೆ ಎಂದರೆ 1,089 ಚದರ ಅಡಿ. ಎಕರೆಗೆ 40 ಗುಂಟೆ. ಬೆಂಗಳೂರಿನ ಪ್ರಸಿದ್ಧ ‘ಮೂವತ್ತು ನಲವತ್ತು’ ಸೈಟು 1,200 ಚದರ ಅಡಿ, ಗುಂಟೆಗಿಂತ ತುಸು ಹೆಚ್ಚು. ಒಂದು ಎಕರೆಯಲ್ಲಿ ರಸ್ತೆ, ಚರಂಡಿ, ಶಾಲೆ, ಉದ್ಯಾನಗಳಿಗೆ ಅರ್ಧ ಹೋಯಿತೆಂದು ಇಟ್ಟುಕೊಂಡರೆ ಉಳಿಯುವುದು ಸುಮಾರು 18 ಸೈಟು. ಹತ್ತು ಲಕ್ಷ ಕುಟುಂಬಗಳಿಗೆ ತಲಾ ಒಂದು ಸೈಟು ಕೊಡಬೇಕಾದರೆ 55 ಸಾವಿರ ಎಕರೆಗೂ ಹೆಚ್ಚು, ಎಂದರೆ ಸುಮಾರು 225 ಚದರ ಕಿಲೋಮೀಟರು ಭೂಮಿ ಬೇಕಾಗುತ್ತದೆ. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ನುಂಗುವುದಕ್ಕೆ ಮುಂಚೆ ಬೆಂಗಳೂರು ಮಹಾನಗರಪಾಲಿಕೆಯ ಇಡೀ ವಿಸ್ತೀರ್ಣ ಹೆಚ್ಚುಕಡಿಮೆ ಇಷ್ಟೇ ಇತ್ತು. ಹತ್ತು ಲಕ್ಷ ಕುಟುಂಬಗಳಿಗಾಗಿ ಇನ್ನೊಂದು ಬೆಂಗಳೂರನ್ನೇ ಹಾಸಬೇಕಾಯಿತು! ಅದೇ ಒಂದು ಎಕರೆಯಲ್ಲಿ, ನೆಲದ ಒಂದೂಮುಕ್ಕಾಲು ಪಾಲಿನಷ್ಟು ಮಹಡಿಗಳನ್ನು ಕಟ್ಟಿ, ಮೆಟ್ಟಿಲು ಗೋಡೆಗಳಿಗೆ ಐದರಲ್ಲಿ ಒಂದು ಪಾಲು ಬಿಟ್ಟು, 450 ಚದರ ಅಡಿಯ ಸಣ್ಣ ಮನೆಗಳನ್ನು ಮಾಡಿದರೆ 130ಕ್ಕೂ ಹೆಚ್ಚು ಕುಟುಂಬಗಳು ವಾಸಿಸಬಹುದು. ಇದಕ್ಕೆ ಗಗನಚುಂಬಿ ಕಟ್ಟಡ ಬೇಡ, ನಾಲ್ಕು ಮಹಡಿ ಸಾಕು.

ಇಲ್ಲಿ ನೀರಿನ ಮಾತನ್ನೂ ಆಡಿಬಿಡಬೇಕು. ಬೆಂಗಳೂರಿಗೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ ಪಂಪುಗಳ ಬಲದಿಂದ ಏರಿ ಬರಬೇಕು. ಊರು ಹರಡಿದಷ್ಟೂ ಕೊಳವೆ ಉದ್ದವಾಗುತ್ತದೆ, ಸೋರಿಕೆ ಹೆಚ್ಚುತ್ತದೆ. 2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಹೊರಟಾಗ ಮಲೆನಾಡು ಎದ್ದು ಪ್ರತಿಭಟಿಸಿತು. ಸಿದ್ದಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು ಹೇಗೆ ಮನೆ ಕಟ್ಟುತ್ತದೆ ಎಂಬುದು ಜೋಗದ ಸೀಮೆಗೂ ಸಂಬಂಧಪಟ್ಟ ವಿಷಯ.

ಸಣ್ಣ ಬಾಡಿಗೆ ಮನೆ ಬೆಂಗಳೂರಿಗೆ ಹೊಸದೇನೂ ಅಲ್ಲ. ಹಿಂದೆ ಅಲ್ಲಿಯೂ ಮೈಸೂರಿನಲ್ಲಿಯೂ ವಠಾರಗಳಿದ್ದವು. ನಡುವೆ ಅಂಗಳ, ಸುತ್ತ ಸಾಲುಮನೆಗಳು, ಎಲ್ಲರಿಗೂ ಒಂದೇ ಬಾವಿ ಅಥವಾ ನಲ್ಲಿ. ನಲ್ಲಿಯ ಮುಂದೆ ಜಗಳವೂ ನಡೆಯುತ್ತಿತ್ತು, ಬಾಣಂತಿಗೆ ಬಿಸಿನೀರು ಕಾಸಿಕೊಡುವುದಕ್ಕೆ ಪಕ್ಕದ ಮನೆಯವರೂ ಇರುತ್ತಿದ್ದರು. ಗುಮಾಸ್ತ, ಮೇಷ್ಟ್ರು, ಮಿಲ್ಲಿನ ಕೆಲಸಗಾರ ಇಂಥ ಕಡೆ ಸಂಸಾರ ಹೂಡುತ್ತಿದ್ದರು. ನೆಲದ ಬೆಲೆ ಏರಿದಂತೆ ವಠಾರಗಳನ್ನು ಕೆಡವಿ ಬೇರೆ ಕಟ್ಟಡಗಳನ್ನು ಎಬ್ಬಿಸುವುದು ಲಾಭಕರವಾಯಿತು. ಸರಕಾರದ ಕಾರಖಾನೆಗಳು ಬಂದ ಕಾಲದಲ್ಲಿ, ಅಂದರೆ 1940ರ ಎಚ್.ಎ.ಎಲ್., 1948ರ ಐ.ಟಿ.ಐ., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. ಇವುಗಳ ಕಾಲದಲ್ಲಿ, ಕಾರಖಾನೆಯ ಜೊತೆಗೇ ಕೆಲಸಗಾರರ ಕ್ವಾರ್ಟರ್ಸುಗಳೂ ಎದ್ದವು. ಕೆಲಸವಿರುವಷ್ಟು ದಿನ ಮನೆ, ಕೆಲಸ ಮುಗಿದ ಮೇಲೆ ಬೀಗದ ಕೈ ಮುಂದಿನವನಿಗೆ. ತರುವಾಯ ಬಂದ ಕಂಪ್ಯೂಟರ್ ಕಂಪೆನಿಗಳು ಗಾಜಿನ ಕಚೇರಿಗಳನ್ನು ಕಟ್ಟಿದವು. ನೌಕರರು ಎಲ್ಲಿ ಮಲಗಬೇಕೆಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಊರಿನ ಪಾಲಿಗೆ ಬಿಟ್ಟವು. ಆ ಪ್ರಶ್ನೆಗೆ ಊರು ಕೊಟ್ಟ ಉತ್ತರವೇ ಪೇಯಿಂಗ್ ಗೆಸ್ಟ್ ಎಂಬ ಮಂಚದ ಬಾಡಿಗೆ. ಮನೆ ಬೇಕೆಂದರೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಅಲ್ಲಿ ಬಹುಕಾಲ ನಡೆದುಬಂದಿದೆ. ಬಾಡಿಗೆ 12 ಸಾವಿರವೆಂದರೆ, ಮೊದಲ ಸಂಬಳ ಕೈಗೆ ಬರುವ ಮೊದಲೇ 1 ಲಕ್ಷ 20 ಸಾವಿರ ಎಣಿಸಿ ಕೊಡಬೇಕು. ಚಿಕ್ಕಪ್ಪನೋ ಮಾವನೋ ಮೊದಲೇ ಹೋಗಿ ನೆಲೆಸಿರುವ ಮನೆತನದ ಹುಡುಗರಿಗೆ ಇಳಿದುಕೊಳ್ಳಲು ಒಂದು ಬಾಗಿಲಾದರೂ ಇರುತ್ತದೆ. ನಮ್ಮಂತೆ ಮನೆತನದಲ್ಲಿಯೇ ಮೊದಲು ಪದವಿಯ ಮೆಟ್ಟಿಲು ಹತ್ತಿದವರಿಗೆ ಆ ಬಾಗಿಲೂ ಇಲ್ಲ.

ಹಾಗಾದರೆ ಸರಕಾರ ಕಾಯಿದೆ ಮಾಡಿ ಬಾಡಿಗೆಯನ್ನು ತಡೆದು ನಿಲ್ಲಿಸಬಾರದೇ ಎಂಬ ಪ್ರಶ್ನೆ ಸಹಜ. ಇದರ ಅನುಭವ ನಮ್ಮ ಜಿಲ್ಲೆಯವರಿಗೆ ಬೆಂಗಳೂರಿಗಿಂತ ಮೊದಲೇ ಆಗಿದೆ. 1862ರಿಂದ 1956ರ ನವೆಂಬರ್ 1ರವರೆಗೆ ನಾವು ಮುಂಬಯಿಗೆ ಸೇರಿದವರು. ಆಗ ಇಲ್ಲಿಯ ಹುಡುಗರು ಉದ್ಯೋಗಕ್ಕೆ ಹೋಗುತ್ತಿದ್ದುದು ಹುಬ್ಬಳ್ಳಿಗೆ, ಪುಣೆಗೆ, ಮುಂಬಯಿಗೆ. ಅಲ್ಲಿನ ಚಾಳುಗಳಲ್ಲಿ ಒಂದು ಕೋಣೆಯಲ್ಲಿ ಸಂಸಾರ ನಡೆಯುತ್ತಿತ್ತು. 1947ರ ಮುಂಬಯಿ ಬಾಡಿಗೆ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಾನಂತರದ ದುಬಾರಿಯ ಕಾಲದಲ್ಲಿ ಅದು ಎಷ್ಟೋ ಬಡವರನ್ನು ಬೀದಿಪಾಲಾಗದಂತೆ ಕಾಪಾಡಿತೆಂಬುದು ನಿಜ. ಆದರೆ ದಶಕಗಳ ಮೇಲೆ ದಶಕ ಉರುಳಿದರೂ ಬಾಡಿಗೆ ಅಲ್ಲಿಯೇ ನಿಂತಿತು. ಸುಣ್ಣ ಬಳಿಯುವ ಖರ್ಚೂ ಹುಟ್ಟದಿದ್ದಾಗ ಮಾಲಿಕನು ರಿಪೇರಿಯನ್ನು ಬಿಟ್ಟನು, ಹೊಸದಾಗಿ ಬಾಡಿಗೆಗೆಂದು ಕಟ್ಟುವವರು ಕಟ್ಟುವುದನ್ನೇ ಬಿಟ್ಟರು. ‘ಪಗಡಿ’ ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ಗುಟ್ಟಾಗಿ ಹಣ ಓಡಾಡತೊಡಗಿತು. ಒಳಗಿದ್ದವನು ಬದುಕಿದ, ಹೊರಗಿನಿಂದ ಬಂದವನಿಗೆ ಬಾಗಿಲು ಮುಚ್ಚಿತು. ಕೇಂದ್ರ ಸರಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯಿದೆಯೊಂದನ್ನು ಪ್ರಕಟಿಸಿ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದೆಂದಿತು. ಒಳ್ಳೆಯ ಮಾತೇ. ಆದರೆ ಅದು ಮಾದರಿ, ರಾಜ್ಯಗಳು ತಾವಾಗಿ ಕಾಯಿದೆ ಮಾಡಿಕೊಂಡಾಗ ಮಾತ್ರ ಅದಕ್ಕೆ ಹಲ್ಲು ಬರುತ್ತದೆ. ಮೇಲಾಗಿ, ಮನೆಗಳನ್ನೇ ಹೆಚ್ಚಿಸದೆ ಮುಂಗಡವನ್ನಷ್ಟೇ ಇಳಿಸಿದರೆ ಅದು ಬಾಡಿಗೆಯ ರೂಪದಲ್ಲಿ ಹಿಂದಿನ ಬಾಗಿಲಿನಿಂದ ಬರುವುದು ಕಷ್ಟವಲ್ಲ.

ಮುಂಬಯಿಯಲ್ಲಿಯೇ ನಮ್ಮ ಜಿಲ್ಲೆಗೆ ನಂಟಿರುವ ಇನ್ನೊಂದು ಪ್ರಯೋಗ ನಡೆಯಿತು. ಇದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲವೆಂದು ತೋರುತ್ತದೆ. ಭಟ್ಕಳ ತಾಲೂಕಿನ ಶಿರಾಲಿಯಲ್ಲಿ ಗುರುಮಠವುಳ್ಳ ಚಿತ್ರಾಪುರ ಸಾರಸ್ವತ ಸಮಾಜದವರು ಕೆಲಸಕ್ಕಾಗಿ ಮುಂಬಯಿಗೆ ಹೋಗಿ, ಬಾಡಿಗೆಯ ತೊಂದರೆಯಿಂದ ಬೇಸತ್ತು, 1915ರಲ್ಲಿ ಗಾಮದೇವಿ ಎಂಬ ಭಾಗದಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಸ್ಥಾಪಿಸಿದರು. ಅದರ ಮುಂದಾಳು ಎಸ್.ಎಸ್. ತಾಲಮಕಿಯವರು. ಅದಕ್ಕೂ ಮೊದಲು, 1909ರಲ್ಲಿ, ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ನೋಂದಣಿಯಾಗಿತ್ತು. ಭಾರತದ ಮೊದಲನೆಯ ಗೃಹನಿರ್ಮಾಣ ಸಹಕಾರಿ ಎಂದು ಅದನ್ನೇ ಎಣಿಸುತ್ತಾರೆ. ಮೊದಲ ಹಳ್ಳಿಯ ಪತ್ತಿನ ಸಂಘ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಹುಟ್ಟಿದ್ದನ್ನು ನೆನೆದರೆ, ಸಹಕಾರ ತತ್ತ್ವವನ್ನು ಬಹು ಬೇಗ ಕೈಗೆತ್ತಿಕೊಂಡ ಸೀಮೆ ನಮ್ಮದೆಂದು ಹೇಳಬಹುದು.

ಗಾಮದೇವಿಯ ಪ್ರಯೋಗದ ವಿಶೇಷವೇನೆಂದರೆ, ಅಲ್ಲಿ ನೆಲವನ್ನು ಹಂಚಲಿಲ್ಲ. ಕಟ್ಟಡಗಳು ಸಂಘದ ಹೆಸರಿನಲ್ಲಿಯೇ ಉಳಿದವು. ಸದಸ್ಯನು ಷೇರು ಕೊಂಡು ಸಂಘದ ಪಾಲುದಾರನಾಗುತ್ತಾನೆ, ತಿಂಗಳು ತಿಂಗಳು ಬಾಡಿಗೆ ಕೊಟ್ಟು ಸಂಘದ ಬಿಡಾರದಲ್ಲಿ ವಾಸಿಸುತ್ತಾನೆ. ಅವನು ಏಕಕಾಲಕ್ಕೆ ಮಾಲಿಕರಲ್ಲೊಬ್ಬನೂ ಹೌದು, ಬಾಡಿಗೆದಾರನೂ ಹೌದು. ಬಾಡಿಗೆ ಏರಿಸುವ ಪರಕೀಯನಿಲ್ಲ. ಹಾಗೆಂದು ರಿಪೇರಿಗೆ ದುಡ್ಡಿಲ್ಲದಷ್ಟು ಬಾಡಿಗೆ ಇಳಿಸಿದರೆ ಸೋರುವುದು ತನ್ನದೇ ಮಾಡು!

ಈ ಏರ್ಪಾಡು ಶಿರಸಿಯವರಿಗೆ ಅಪರಿಚಿತವೆನಿಸಬೇಕಾಗಿಲ್ಲ. 1923ರಲ್ಲಿ ನಮ್ಮ ತೋಟಗಾರರು ಕೂಡಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು ಕಟ್ಟಿದರು. ಒಬ್ಬೊಬ್ಬನೇ ಚೀಲ ಹೊತ್ತು ಸಾಹುಕಾರನ ವಖಾರಿಗೆ ಹೋದರೆ ಸಾಹುಕಾರ ಹೇಳಿದ್ದೇ ದರ. ನೂರು ಜನ ಒಂದೇ ಅಂಗಳದಲ್ಲಿ ಅಡಿಕೆ ರಾಶಿ ಹಾಕಿದರೆ ವ್ಯಾಪಾರಿಯೇ ಅಲ್ಲಿಗೆ ಬಂದು ದರ ಕೂಗಬೇಕು. ಇದೇ ಅದರ ಯುಕ್ತಿ. ಆದರೆ ಆ ವ್ಯಾಪಾರಿ ಅಂಗಳದಲ್ಲಿ ನನ್ನ ಪಾಲಿನ ಅರ್ಧ ಗುಂಟೆ ಕೊಡಿ, ಮಾರಿಕೊಂಡು ಹೋಗುತ್ತೇನೆ ಎಂದು ಯಾವ ಸದಸ್ಯನೂ ಕೇಳುವಂತಿಲ್ಲ. ಹಾಗೆ ಕೇಳಬಹುದಾಗಿದ್ದರೆ ಅಂಗಳ ಎಂದೋ ಮಾಯವಾಗುತ್ತಿತ್ತು.

ಬೆಂಗಳೂರಿನ ಗೃಹನಿರ್ಮಾಣ ಸಹಕಾರ ಸಂಘಗಳ ಕಥೆಯಲ್ಲಿ ಆದದ್ದು ಸರಿಯಾಗಿ ಇದೇ. 1980ರ ದಶಕದಲ್ಲಿ ನೌಕರರ ಹೆಸರಿನಲ್ಲಿ ಸಂಘಗಳು ಅಣಬೆಗಳಂತೆ ಎದ್ದವು. ಸರಕಾರ ರೈತರಿಂದ ಭೂಮಿಯನ್ನು ವಶಪಡಿಸಿಕೊಂಡು ಇವುಗಳಿಗೆ ಕೊಡುವುದು, ಇವು ಸೈಟು ಮಾಡಿ ಸದಸ್ಯರಿಗೆ ಹಂಚುವುದು ಎಂಬ ಏರ್ಪಾಡು. ನಡುವೆ ದಲ್ಲಾಳಿಗಳು ಹೊಕ್ಕರು. ಅರ್ಹರಲ್ಲದವರೂ ಸದಸ್ಯರಾಗಿ ಸೈಟು ಪಡೆದರು. ಸರಕಾರ ಜಿ.ವಿ.ಕೆ. ರಾವ್ ಅವರ ಸಮಿತಿಯಿಂದ ವಿಚಾರಣೆ ಮಾಡಿಸಿತು. ಎಚ್.ಎಂ.ಟಿ. ನೌಕರರ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು, ಹೀಗೆ ದಲ್ಲಾಳಿಗಳ ಮೂಲಕ ನಡೆದ ಭೂಸ್ವಾಧೀನ ಸಾರ್ವಜನಿಕ ಉದ್ದೇಶದ್ದಲ್ಲವೆಂದು ಅದನ್ನು ರದ್ದುಪಡಿಸಿತು. ಇದನ್ನು ಓದಿದವರು ‘ಸಹಕಾರವೇ ಕೆಟ್ಟದ್ದು’ ಎನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಅಲ್ಲಿ ಕೂಡಿದ್ದು ಹಂಚಿಕೊಳ್ಳುವುದಕ್ಕಾಗಿ, ಕೂಡಿ ಇರುವುದಕ್ಕಾಗಿ ಅಲ್ಲ. ಸೈಟು ಹಂಚಿದ ದಿನವೇ ಅಂಥ ಸಂಘದ ಜೀವ ಹೋಯಿತು. ಉಳಿದದ್ದು ಬೋರ್ಡು ಮಾತ್ರ.

ಇಲ್ಲಿ ಒಂದು ಸೂಕ್ಷ್ಮ ಉಂಟು. ಮುಂಬಯಿಯ ಸಹಕಾರಿ ಕಟ್ಟಡಗಳಲ್ಲಿಯೂ ಮುಂದೆ ಷೇರಿನ ಜೊತೆಗೆ ಬಿಡಾರವನ್ನು ಮಾರುಕಟ್ಟೆಯ ದರಕ್ಕೆ ಮಾರುವ ರೂಢಿ ಬೆಳೆಯಿತು. ಕಟ್ಟಡ ಸಂಘದ್ದೇ ಆದರೂ ನೆಲದ ಏರಿದ ಬೆಲೆ ಮತ್ತೆ ಒಬ್ಬನ ಕಿಸೆಗೇ ಹೋಯಿತು. ಆದ್ದರಿಂದ ಸಂಘಕ್ಕೆ ಸೇರುವ ನಿಯಮಕ್ಕಿಂತ ಬಿಡುವ ನಿಯಮವೇ ಮುಖ್ಯ. ಸ್ವಿಟ್ಜರ್‌ಲ್ಯಾಂಡಿನ ಝೂರಿಕ್ ನಗರದ ವಸತಿ ಸಹಕಾರಿಗಳಲ್ಲಿ ಬಿಟ್ಟುಹೋಗುವ ಸದಸ್ಯನಿಗೆ ಅವನು ಕೊಟ್ಟ ಷೇರಿನ ಹಣವಷ್ಟೇ ಹಿಂದಕ್ಕೆ, ಮನೆ ಮುಂದಿನವನಿಗೆ. ಬಾಡಿಗೆಯನ್ನು ಖರ್ಚಿನ ಲೆಕ್ಕದ ಮೇಲೆ ಗೊತ್ತುಮಾಡುತ್ತಾರೆ, ಪಕ್ಕದ ಬೀದಿಯ ದರ ನೋಡಿ ಅಲ್ಲ. ಇದರಿಂದ ಸಂತುಷ್ಟರಾದ ಆ ಊರಿನ ಮತದಾರರು, ಬಾಡಿಗೆ ಮನೆಗಳಲ್ಲಿ ಮೂರನೆಯ ಒಂದು ಪಾಲಾದರೂ 2050ರೊಳಗೆ ಇಂಥ ಲಾಭರಹಿತ ಮನೆಗಳಾಗಬೇಕೆಂದು 2011ರಲ್ಲಿ ಮತ ಹಾಕಿದರು. ವಿಯೆನ್ನಾದಲ್ಲಿ ಇದೇ ಕೆಲಸವನ್ನು ನಗರಸಭೆಯೇ ಮಾಡಿತು. 1923ರಲ್ಲಿ ಮನೆಗಳ ಮೇಲೆ ತೆರಿಗೆ ಹಾಕಿ, ದೊಡ್ಡ ಬಂಗಲೆಗಳಿಂದ ಹೆಚ್ಚು ವಸೂಲು ಮಾಡಿ, ಆ ಹಣದಿಂದ ಕಾರ್ಮಿಕರಿಗೆ ಮನೆ ಕಟ್ಟಿತು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದೇ ಕಟ್ಟಡದಲ್ಲಿ 1,382 ಬಿಡಾರಗಳಿದ್ದವು. ಸಿಂಗಪುರದ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ 1960ರಲ್ಲಿ ವಸತಿ ಮಂಡಳಿ ಹುಟ್ಟಿತು. ಇಂದು ನೂರಕ್ಕೆ ಎಂಬತ್ತರಷ್ಟು ನಿವಾಸಿಗಳು ಅದರ ಮನೆಗಳಲ್ಲಿ, 99 ವರ್ಷಗಳ ಗೇಣಿಯ ಮೇಲೆ, ಇದ್ದಾರೆ. ಆದರೆ ಅದಕ್ಕಾಗಿ ಅಲ್ಲಿಯ ಸರಕಾರ 1966ರ ಕಾಯಿದೆಯ ಬಲದಿಂದ ಬಹುಪಾಲು ಭೂಮಿಯನ್ನು ಅಗ್ಗವಾಗಿ ತನ್ನದಾಗಿಸಿಕೊಂಡಿತು. ನಮ್ಮಲ್ಲಿ ಅದು ಆಗದು, ಆಗಲೂ ಕೂಡದು. 2025ರ ಜುಲೈನಲ್ಲಿ ದೇವನಹಳ್ಳಿಯ ಬಳಿ ಕೈಗಾರಿಕೆಗೆಂದು 1,777 ಎಕರೆ ಹಿಡಿಯಹೊರಟ ಸರಕಾರ ರೈತರ ಹೋರಾಟದಿಂದ ಹಿಂದೆ ಸರಿಯಿತು. ಪಟ್ಟಣದವನ ಸೂರಿಗಾಗಿ ಹಳ್ಳಿಯವನ ಹೊಲ ಹೋಗಬೇಕೆಂಬುದು ನ್ಯಾಯವಲ್ಲ.

ಹೊಲವನ್ನು ಮುಟ್ಟದೆ ಭೂಮಿ ಎಲ್ಲಿಂದ ಬರಬೇಕು? ನಗರದೊಳಗೆ ಸರಕಾರದ ಒಡೆತನದ ಜಾಗಗಳಿವೆ: ಹಳೆಯ ಕ್ವಾರ್ಟರ್ಸುಗಳು, ಮುಚ್ಚಿದ ಕಾರಖಾನೆಗಳ ಅಂಗಳಗಳು, ಬಸ್ ಡಿಪೋಗಳ ಮೇಲಿನ ಬರಿಯ ಆಕಾಶ. ಇವುಗಳನ್ನು ಹರಾಜು ಹಾಕಿ ಒಮ್ಮೆ ಹಣ ಎಣಿಸುವ ಬದಲು, ಮಾರದೆ, ದೀರ್ಘ ಗೇಣಿಯ ಮೇಲೆ ಸಹಕಾರ ಸಂಘಗಳಿಗೆ ಕೊಡಬಹುದು. ನೆಲದ ಬೆಲೆ ಲೆಕ್ಕದಿಂದ ಹೊರಗೆ ಹೋದರೆ, ಮೊದಲು ಹೇಳಿದಂತೆ, ಉಳಿಯುವುದು ಸಿಮೆಂಟು ಕಬ್ಬಿಣಗಳ ಖರ್ಚು. ಅದು ಸಂಬಳದವನ ಶಕ್ತಿಗೆ ಮೀರಿದ್ದಲ್ಲ. ಖಾಲಿ ಸೈಟಿಗೂ ಖಾಲಿ ಮನೆಗೂ ವರ್ಷದಿಂದ ವರ್ಷಕ್ಕೆ ಏರುವ ಕರ ಹಾಕಿದರೆ ಸಂಘಗಳಿಗೆ ಮೂಲಧನವೂ ಆಗುತ್ತದೆ, ಬೀಗದ ಹಿಂದಿರುವ ಮನೆಗಳಲ್ಲಿ ಕೆಲವಾದರೂ ಬಾಡಿಗೆಗೆ ಹೊರಬರುತ್ತವೆ. ಕರವನ್ನು ಹಾಕಬೇಕಾದವರಲ್ಲಿ ಅನೇಕರಿಗೆ ತಮ್ಮದೇ ಖಾಲಿ ಸೈಟುಗಳಿರಬಹುದು ಎಂಬ ಸಂಶಯ ನನಗೂ ಇದೆ.

ಗಾಮದೇವಿಯ ಮಾದರಿಯಲ್ಲಿ ನಾನು ಒಪ್ಪದ ಒಂದು ಅಂಶವುಂಟು. ಅದು ಒಂದು ಸಮಾಜದವರು ತಮ್ಮವರಿಗಾಗಿ ಕಟ್ಟಿಕೊಂಡದ್ದು. ಬೆಂಗಳೂರಿನ ಹಳೆಯ ವಿದ್ಯಾರ್ಥಿನಿಲಯಗಳಲ್ಲಿಯೂ ಬಹಳಷ್ಟು ಹೀಗೆ ಜಾತಿಗೊಂದರಂತೆ ಎದ್ದವು. ಅವುಗಳಿಂದ ಎಷ್ಟೋ ಬಡ ಹುಡುಗರು ಓದಿದರೆಂಬುದನ್ನು ಅಲ್ಲಗಳೆಯಲಾಗದು. ಪಾರ್ಸಿಗಳ ಗೃಹನಿರ್ಮಾಣ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಕೊಡಬಹುದೆಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿಯೂ ಇದೆ. ಕಾಯಿದೆ ಒಪ್ಪಿದರೂ ಮನಸ್ಸು ಒಪ್ಪುವುದಿಲ್ಲ. ಸಂಘ ಕಟ್ಟಲು ಮುಂದಾಳುಗಳೂ ಹಣವೂ ಇರುವ ಸಮಾಜಗಳಿಗೆ ಸೂರು ಸಿಗುತ್ತದೆ, ಇಲ್ಲದವರಿಗೆ ಇಲ್ಲ. ಬೆಂಗಳೂರಿನಲ್ಲಿ ‘ಊಟ ಏನು ಮಾಡುತ್ತೀರಿ?’ ಎಂಬ ನೆಪದಲ್ಲಿ ಜಾತಿ ಕೇಳಿ ಬಾಗಿಲು ಹಾಕಿಸಿಕೊಂಡವರು ನಮ್ಮ ಹಿರಿಯ ವಿದ್ಯಾರ್ಥಿಗಳಲ್ಲಿಯೇ ಇದ್ದಾರೆ. ಸರಕಾರದ ನೆಲದ ಮೇಲೆ ನಿಲ್ಲುವ ಸಂಘಕ್ಕೆ ‘ಬಾಗಿಲು ಎಲ್ಲರಿಗೂ ತೆರೆದಿರತಕ್ಕದ್ದು’ ಎಂಬ ಷರತ್ತು ಗೇಣಿಯ ಕಾಗದದಲ್ಲಿಯೇ ಬರಬೇಕು. ಕೂಡಿಸುವ ಎಳೆಯಾಗಿ ಜಾತಿಯೇ ಬೇಕೆಂದಿಲ್ಲ. ಒಂದೇ ಕಚೇರಿ, ಒಂದೇ ಕೆಲಸ, ಒಂದೇ ಕಾಲೇಜು ಕೂಡ ಸಾಕು. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗಂತೂ, ರಾತ್ರಿ ಪಾಳಿ ಮುಗಿಸಿ ಬಂದಾಗ ಗೇಟು ಮುಚ್ಚದಂಥ ಮನೆ ತಮ್ಮದೇ ಸಂಘದ್ದಾದರೆ ಅರ್ಧ ಚಿಂತೆ ಕಳೆಯುತ್ತದೆ.

ಈ ಸಮಸ್ಯೆ ಬೆಂಗಳೂರಿನದು ಮಾತ್ರವೆಂದು ಶಿರಸಿಯವರು ನಿಶ್ಚಿಂತರಾಗಿರುವಂತಿಲ್ಲ. ನಮ್ಮ ಜಿಲ್ಲೆಯ ನೂರಕ್ಕೆ ಎಂಬತ್ತರಷ್ಟು ನೆಲ ಅರಣ್ಯ. ಅರಣ್ಯದ ಅಂಚಿನಲ್ಲಿ ತಲೆಮಾರುಗಳಿಂದ ಮನೆ ಮಾಡಿಕೊಂಡವರಿಗೆ ಇಂದಿಗೂ ‘ಅತಿಕ್ರಮಣದಾರ’ ಎಂಬ ಹೆಸರು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಅಕ್ಷರವೇ ಗೊತ್ತಿರದ ಅಜ್ಜ ಕಾಗದವನ್ನು ಎಲ್ಲಿಂದ ಇಡಬೇಕಿತ್ತು? ಹೀಗೆ ಅರಣ್ಯವೂ ತೋಟವೂ ಬಿಟ್ಟು ಪಟ್ಟಣ ಬೆಳೆಯಲು ಉಳಿಯುವುದು ಗದ್ದೆಗಳು. ಅವು ಒಂದೊಂದಾಗಿ ಬಿನ್‌ಶೇತ್ಕಿಯಾಗಿ, ಮಣ್ಣು ತುಂಬಿಸಿಕೊಂಡು, ಕಲ್ಲು ನೆಟ್ಟುಕೊಂಡು ಸೈಟುಗಳಾಗುತ್ತಿವೆ. ಬೆಂಗಳೂರಿನಲ್ಲಿ ದುಡಿದ ಹಣವೂ ಅವುಗಳಲ್ಲಿ ಬಂದು ಕೂರುತ್ತದೆ. ಗದ್ದೆಯಲ್ಲಿ ನಿಲ್ಲುತ್ತಿದ್ದ ಮಳೆಗಾಲದ ನೀರು ಈಗ ರಸ್ತೆಗೆ ಬರುತ್ತದೆ. ಪಟ್ಟಣದ ಅಂಗಡಿಗಳಲ್ಲಿ, ಅಡಿಕೆ ವಖಾರಿಗಳಲ್ಲಿ ಕೆಲಸ ಮಾಡುವವರು ದಿನವೂ ಬಸ್ಸಿನಲ್ಲಿ ಹಳ್ಳಿಗಳಿಂದ ಬಂದು ಹೋಗುತ್ತಾರೆ, ಪೇಟೆಯ ಬಾಡಿಗೆ ಅವರಿಗೆ ಎಟುಕುವುದಿಲ್ಲ. ಹಂಚುವುದಕ್ಕೆ ಬೆಂಗಳೂರಿನ ಸುತ್ತ ಬಯಲಾದರೂ ಇತ್ತು, ಇಲ್ಲಿ ಅದೂ ಇಲ್ಲ. ನಗರಸಭೆಯ ಕೈಯಲ್ಲಿ ಉಳಿದಿರುವ ಒಂದೆರಡು ಎಕರೆಯನ್ನು ಸೈಟಾಗಿ ಹಂಚುವುದಕ್ಕೆ ಮೊದಲು, ಅಡಿಕೆ ಮಾರುವುದಕ್ಕೆ ಸೊಸೈಟಿ ಕಟ್ಟಿದ ಈ ಊರಿನ ಹಿರಿಯರು ವಾಸಕ್ಕೂ ಅಂಥದೊಂದನ್ನು ಇಲ್ಲಿಯೇ ಕಟ್ಟಿ ನೋಡಬಹುದು. ಅಡಿಕೆಯ ಲೆಕ್ಕವನ್ನು ಇಷ್ಟು ವರ್ಷ ಬರೆದ ಕೈಗಳಿಗೆ ನಲವತ್ತು ಮನೆಗಳ ಬಾಡಿಗೆಯ ಲೆಕ್ಕ ಬರೆಯುವುದು ದೊಡ್ಡ ಮಾತಲ್ಲ.